ಜೀರುಗುಣಿಕೆ

ಎಳ್ಳಮಾವಾಸ್ಯೆ ಕಳೆದು ಎಂಟು ದಿನ. ಗೋಕಾಕ ಸೀಮೆಯ ಮಮದಾಪುರದ ಎರೆಹೊಲಗಳ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ಹಿಂಗಾರಿ ಜೋಳ ತೆನೆ ಬಿಟ್ಟು ಹಾಲುಗಾಳಿಗೆ ಬಂದಿದೆ. ಇನ್ನೊಂದು ವಾರಕ್ಕೆ ಸೀತನಿ ಸುಡಬಹುದು ಎಂಬ ಸುದ್ದಿ ಊರಿನವರಿಗಿಂತ ಮೊದಲು ಗಿಳಿಗಳಿಗೆ ಮುಟ್ಟಿರುತ್ತದೆ. ಬದುವಿನ ಮೇಲೆ ನಡೆಯುತ್ತ ಹೊರಟವನು ಬಾಜೂ ಹೊಲದ ಕಾಕಾ ಕುಕ್ಕರಗಾಲಲ್ಲಿ ಕುಳಿತಿದ್ದನ್ನು ಕಂಡು ನಿಂತೆ. ಅವರ ಸುತ್ತ ಸಾಮಾನು ಹರಡಿತ್ತು. ಬೆದರುಗೊಂಬೆ ಕಟ್ಟುತ್ತಿದ್ದರು.

ಒಂದು ಜಾಲಿ ಗೂಟ. ಕಡ್ಡಿಗಳೆಲ್ಲ ಉದುರಿದ ಸೈಕಲ್ ರಿಮ್ಮು. ಹನಿ ನೀರಾವರಿಯ ಕಪ್ಪು ಪೈಪಿನ ತುಂಡು. ಅಕ್ಷರ ಮಾಸಿದ ರಸಗೊಬ್ಬರದ ಚೀಲ, ಅದರೊಳಗೆ ತುಂಬಲು ಒಣಗಿದ ಕಬ್ಬಿನ ರವದಿ. ಪುಣೆಯಲ್ಲಿರುವ ಮೊಮ್ಮಗನಿಗೆ ಗಿಡ್ಡವಾದ ಶಾಲೆಯ ಅಂಗಿ. ಅವನಪ್ಪನ ತಲೆಯ ಮೇಲೆ ನಾಲ್ಕು ವರ್ಷ ಇದ್ದು ಗಾಜು ಒಡೆದುಕೊಂಡ ಹೆಲ್ಮೆಟ್ಟು. ಕೊನೆಗೆ ಒಂದು ಕ್ಯಾಸೆಟ್ಟು. ಅದರ ಹೊಟ್ಟೆಯಿಂದ ಕಂದು ಪಟ್ಟಿಯನ್ನು ಕಾಕಾ ಕರುಳು ಎಳೆದಂತೆ ಎಳೆಯುತ್ತಿದ್ದರು.

"ಯಾವುದ್ರೀ ಕಾಕಾ ಅದು?"

"ಪಾರಿಜಾತ. ಇನ್ನ ಯಾರ ಕೇಳತಾರೋ? ಗಾಳೀನ ಹಾಡಲಿ."

ಶ್ರೀಕೃಷ್ಣ ಪಾರಿಜಾತ ಕಟ್ಟಿದ ಕುಲಗೋಡು ತಮ್ಮಣ್ಣನ ಊರು ಇಲ್ಲೇ ಮೂಡಲಗಿ ತಾಲ್ಲೂಕಿನಲ್ಲಿದೆ. ಅದನ್ನು ಊರೂರಿಗೆ ಹಾಡಿ ಆಡಿದ ನಿಂಗಮ್ಮನ ಕೌಜಲಗಿಯೂ ನಮ್ಮ ಸೀಮೆಯದೇ. ಈ ಭಾಗದ ಎಷ್ಟೋ ರಾತ್ರಿಗಳನ್ನು ಬೆಳಗು ಮಾಡಿದ ಆಟ ಒಂದು ಕಂದು ಪಟ್ಟಿಯಾಗಿ ಜೋಳದ ಮೇಲೆ ಬಿಗಿದು ನಿಲ್ಲಲಿತ್ತು. ಅದು ಗಾಳಿಗೆ ಝೇಂಕರಿಸುತ್ತದೆ. ಹಕ್ಕಿಗಳಿಗೆ ಆ ದನಿ ಯಾಕೋ ಸೇರುವುದಿಲ್ಲ.

ಕಾಕಾನ ಕೈಯನ್ನೇ ನೋಡುತ್ತ ನಿಂತೆ. ಗೂಟಕ್ಕೆ ರಿಮ್ಮು, ರಿಮ್ಮಿಗೆ ಪೈಪು, ಪೈಪಿಗೆ ತೋಳು. ಎಲ್ಲವನ್ನೂ ಪುಂಡಿ ನಾರಿನ ಹುರಿಯಿಂದ ಕಟ್ಟುತ್ತಿದ್ದರು. ಹುರಿ ಹಳೆಯದು, ಅಲ್ಲಲ್ಲಿ ಎಳೆ ಬಿಟ್ಟಿತ್ತು. ಮನೆಯಲ್ಲಿ ತಂತಿಯ ಸುರುಳಿ ಬಿದ್ದಿದ್ದು ನೆನಪಾಗಿ ಹೇಳಿದೆ: "ತಂತಿ ಬಿಗದಬಿಡ್ರಲ್ಲ ಕಾಕಾ, ಗಟ್ಟಿ ಇರತೈತಿ. ಇಕ್ಕಳ ತರಲೇನು?"

ಅವರು ತಲೆ ಎತ್ತಲಿಲ್ಲ. "ತಂತಿ ಬಿಗದರ, ರಾಶಿ ಆದಮ್ಯಾಲೆ ಬಿಚ್ಚಾವ್ರ್ಯಾರು?"

ಆಗ ಗಮನಿಸಿದೆ. ಅವರು ಹಾಕುತ್ತಿದ್ದ ಗಂಟುಗಳೆಲ್ಲ ಜೀರುಗುಣಿಕೆ. ಎತ್ತು ಕಟ್ಟಿದವರಿಗೆಲ್ಲ ಗೊತ್ತಿರುವ ಗಂಟು ಅದು. ಎತ್ತು ಎಷ್ಟು ಜಗ್ಗಿದರೂ ಬಿಡುವುದಿಲ್ಲ. ಆದರೆ ರಾತ್ರಿ ಹಗ್ಗ ಕಾಲಿಗೆ ತೊಡರಿ ಎತ್ತು ಉಸಿರುಗಟ್ಟಿ ಬಿದ್ದಾಗ ತುದಿ ಹಿಡಿದು ಒಮ್ಮೆ ಎಳೆದರೆ ಸಾಕು, ಸರ್ರನೆ ಬಿಚ್ಚಿಕೊಳ್ಳುತ್ತದೆ. ದನ ಇರುವ ಮನೆಯ ಹುಡುಗರಿಗೆ ಈ ಗಂಟು ಅಕ್ಷರಕ್ಕಿಂತ ಮೊದಲು ಬರುತ್ತಿತ್ತು. ನನಗೂ ಒಂದು ಕಾಲಕ್ಕೆ ಬರುತ್ತಿತ್ತು.

ಮನೆಗೆ ಬಂದು ಚಹದ ಕಪ್ಪು ಹಿಡಿದು ಕುಳಿತಾಗಲೂ ಆ ಮಾತು ಬಿಡಲಿಲ್ಲ. ಮಾಡುವ ಹೊತ್ತಿನಲ್ಲೇ ಬಿಚ್ಚುವ ಹೊತ್ತನ್ನೂ ನೆನೆಯುವುದು. ಇಷ್ಟು ಸಣ್ಣ ಗೊಂಬೆಗೂ ಅಷ್ಟು ದೂರದ ಲೆಕ್ಕ ಬೇಕೆ?

ಹುಡುಗರಾಗಿದ್ದಾಗ ನಾವೂ ಇಂಥದೇ ಬೆರಕೆ ಮೂರ್ತಿಗಳನ್ನು ಮಾಡಿದ್ದೇವೆ. ಕಾರಹುಣ್ಣಿವೆ ಮುಗಿದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಹಳ್ಳದ ದಂಡೆಯ ಜಿಗುಟು ಮಣ್ಣು ತಂದು, ಕಲ್ಲು ಆರಿಸಿ, ತುಳಿದು, ಒಂದು ಜೋಡಿ ಎತ್ತು ಮತ್ತು ಒಂದು ಗೋದಲಿ. ಕಣ್ಣಿಗೆ ಗುಲಗಂಜಿ, ಮೈಮೇಲಿನ ಜೂಲಕ್ಕೆ ಸಾಲುಸಾಲಾಗಿ ಒತ್ತಿದ ಕುಸುಬಿ ಕಾಳು, ಕೋಡಿಗೆ ಬಣ್ಣದ ಕಾಗದದ ಗೊಂಡೆ. ಒಂದು ವರ್ಷ ನನಗೆ ಬಂಡಿಯೂ ಬೇಕೆನಿಸಿತು. ಗಾಲಿಗೆ ಏನು ಮಾಡುವುದು? ಮನೆಯ ಗೂಡಿನಲ್ಲಿ ಮಿಲ್ಲಿನಿಂದ ಬಂದ ಮರದ ಬಾಬಿನ್ನುಗಳಿದ್ದವು. 1885ರಲ್ಲಿ ಗೋಕಾಕ ಫಾಲ್ಸಿನ ನೆತ್ತಿಯ ಮೇಲೆ ನೂಲಿನ ಮಿಲ್ಲಿಗೆ ಅಡಿಪಾಯವಾದ ಮೇಲೆ ಸುತ್ತಲ ಹಳ್ಳಿಗಳ ಎಷ್ಟೋ ಮನೆಗಳಿಗೆ ಸಂಬಳದ ಜೊತೆ ಇಂಥ ಚಿಲ್ಲರೆ ವಸ್ತುಗಳೂ ಬಂದು ಸೇರುತ್ತಿದ್ದವು. ಬಾಬಿನ್ನು ಕೆಲವರಲ್ಲಿ ಬಾಗಿಲ ಅಗುಳಿಯಾಗುತ್ತಿತ್ತು, ಕೆಲವರಲ್ಲಿ ಗೂಟದ ತಲೆಯಾಗುತ್ತಿತ್ತು. ನನ್ನಲ್ಲಿ ಅದು ಮಣ್ಣೆತ್ತಿನ ಬಂಡಿಯ ಗಾಲಿಯಾಯಿತು. ನೂರಾ ಎಪ್ಪತ್ತು ಅಡಿ ಧುಮುಕುವ ಘಟಪ್ರಭೆಯ ಬಲದಿಂದ ತಿರುಗುತ್ತಿದ್ದ ಯಂತ್ರದ ಒಂದು ಚೂರು ಅದೇ ಸೀಮೆಯ ಹಳ್ಳದ ಮಣ್ಣಿಗೆ ಬಂದು ಕೂಡಿಕೊಂಡಿತ್ತು.

ಅಮಾವಾಸ್ಯೆಯ ಮರುದಿನ ಒಂದು ಎತ್ತಿನ ಕಾಲು ಮುರಿಯುತ್ತಿದ್ದೆವು. ಆ ಕುಂಟೆತ್ತನ್ನು ಮಣೆಯ ಮೇಲಿಟ್ಟುಕೊಂಡು ಮನೆಮನೆಗೆ ಹೋಗಿ ಜೋಳ ಬೇಡುವುದು. ಚಂದದ ಎತ್ತು ಜಗುಲಿಯ ಮೇಲೆ ಪೂಜೆ ಮಾಡಿಸಿಕೊಂಡು ಸುಮ್ಮನೆ ಕೂತಿರುತ್ತಿತ್ತು. ಊರು ನೋಡುವ ಭಾಗ್ಯ ಮುರಿದ ಎತ್ತಿಗೆ. ಎಲ್ಲ ಮುಗಿದ ಮೇಲೆ ಎರಡನ್ನೂ ಬಾವಿಗೋ ಹಳ್ಳಕ್ಕೋ ಬಿಡುತ್ತಿದ್ದೆವು. ಮಣ್ಣು ನೀರಿನಲ್ಲಿ ಕರಗಿ ಹಳ್ಳ ಸೇರಿತು. ಕುಸುಬಿ ಮೀನಿಗೋ ಇರುವೆಗೋ ಆಯಿತು. ಗುಲಗಂಜಿ ದಂಡೆಯಲ್ಲಿ ಎಲ್ಲಾದರೂ ಬಳ್ಳಿಯಾಗಿರಬಹುದು. ಬಾಬಿನ್ನನ್ನು ಮಾತ್ರ ಅವ್ವ ತೊಳೆದು ಮತ್ತೆ ಗೂಡಿನಲ್ಲಿಟ್ಟಳು, ಬರುವ ವರ್ಷಕ್ಕೆಂದು. ಯಾವುದೂ ಹಾಳಾಗಲಿಲ್ಲ. ಒಟ್ಟು ಸೇರಿದವೆಲ್ಲ ತಮ್ಮ ತಮ್ಮ ದಾರಿ ಹಿಡಿದವು.

ಎತ್ತಿನ ಮಾತು ಬಂದಾಗ ಇನ್ನೊಂದು ಎತ್ತು ನೆನಪಾಗುತ್ತದೆ. 1942, ಜರ್ಮನ್ ಸೈನ್ಯ ಕಾವಲು ನಿಂತಿದ್ದ ಪ್ಯಾರಿಸ್. ಪಿಕಾಸೊ ಹಳೆಯ ಸಾಮಾನಿನ ರಾಶಿಯಲ್ಲಿ ಒಂದು ಸೈಕಲ್ ಸೀಟನ್ನೂ ಒಂದು ಹ್ಯಾಂಡಲನ್ನೂ ಕಂಡ. ಸೀಟು ಮುಖವಾಯಿತು, ಹ್ಯಾಂಡಲು ಕೋಡಾಯಿತು, ಗೋಡೆಯ ಮೇಲೆ ಹೋರಿಯ ತಲೆ ಬಂದು ನಿಂತಿತು. ಮಾಡಿದ್ದು ಅಷ್ಟೇ, ಎರಡು ವಸ್ತುಗಳನ್ನು ಕೂಡಿಸಿದ್ದು. ನಮ್ಮೂರಿನ ಯಾವ ಹುಡುಗನಿಗೆ ತೋರಿಸಿದರೂ "ಇದ ನಮ್ಮ ಹೋರಿ" ಎಂದಾನು. ನನಗೆ ಹಿಡಿಸಿದ್ದು ಪಿಕಾಸೊ ಆಮೇಲೆ ಹೇಳಿಕೊಂಡ ಒಂದು ಆಸೆ. ಈ ತಲೆಯನ್ನು ಮುಂದೊಂದು ದಿನ ಯಾರಾದರೂ ಕಸಕ್ಕೆ ಎಸೆಯಲಿ, ಇನ್ನಾರೋ ಅದನ್ನು ಹೆಕ್ಕಿ ಮತ್ತೆ ಸೈಕಲ್ಲಿಗೆ ಹ್ಯಾಂಡಲು ಮಾಡಿಕೊಳ್ಳಲಿ ಎಂದನಂತೆ. ಆದರೆ ಅವನೇ ಮುಂದೆ ಅದನ್ನು ಕಂಚಿನಲ್ಲಿ ಎರಕ ಹೊಯ್ಯಿಸಿದ. ಎರಕವಾದ ಮೇಲೆ ಸೀಟೂ ಇಲ್ಲ, ಹ್ಯಾಂಡಲೂ ಇಲ್ಲ. ಎಲ್ಲ ಒಂದೇ ಲೋಹ, ಬಿಚ್ಚಲು ಗಂಟೇ ಇಲ್ಲ. ಎಷ್ಟು ದೊಡ್ಡ ಕೈಯಾದರೂ ತಾನು ಕಟ್ಟಿದ್ದು ಉಳಿಯಲಿ ಎಂಬ ಆಸೆಯನ್ನು ಬಿಡುವುದು ಕಷ್ಟ.

ಉಳಿಯಲಿ ಎಂದು ಕಟ್ಟುವುದರಲ್ಲಿ ತಪ್ಪೇನೂ ಇಲ್ಲ ಎನ್ನಿ. ಗೋಕಾಕದ ಚಿತ್ರಗಾರರು ಹಗುರ ಮರದಲ್ಲಿ ಕೆತ್ತಿ ಬಣ್ಣ ಹಚ್ಚುವ ಬಾಳೆ, ಪೇರಲ, ಅಂಜೂರಗಳನ್ನು ನೋಡಿ ಕಚ್ಚಲು ಹೋದ ಮಕ್ಕಳು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ಕೊಪ್ಪಳ ಸೀಮೆಯ ಕಿನ್ನಾಳದಲ್ಲಿ ಗೊಂಬೆಯ ಕೈಕಾಲುಗಳನ್ನು ಬೇರೆಬೇರೆ ಕೆತ್ತಿ ಕೂಡಿಸುತ್ತಾರೆ. ಕೂಡಿಸುವ ಆ ಅಂಟೇ ಒಂದು ಲೋಕ. ಹಳೆಯ ಗೋಣಿತಟ್ಟನ್ನು ನೆನೆಹಾಕಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಬೆರೆಸಿ, ಹುಣಸೆ ಬೀಜದ ಸರಿಯಲ್ಲಿ ಕಲಸಿದರೆ 'ಕಿಟ್ಟ' ಆಗುತ್ತದೆ. ಅದರ ಮೇಲೆ ಅರಿವೆಯ ಚೂರುಗಳ ಹೊದಿಕೆ, ಅದರ ಮೇಲೆ ಕಲ್ಲುಪುಡಿಯ ಲೇಪ, ಕೊನೆಗೆ ಬಣ್ಣ. ಜನ ಸುಟ್ಟು, ಗುಡಿಸಿ, ಉಗುಳಿ ಬಿಡುವ ಮೂರು ವಸ್ತುಗಳು, ಅಂದರೆ ಗೋಣಿ, ಹೊಟ್ಟು ಮತ್ತು ಹುಣಸೆ ಬೀಜ, ಸೇರಿ ಗರುಡನ ರೆಕ್ಕೆಯನ್ನು ಹೆಗಲಿಗೆ ಹಿಡಿದು ನಿಲ್ಲಿಸುತ್ತವೆ. ಈ ಅಂಟು ಹೊರನೋಟಕ್ಕೆ ಬಿಚ್ಚಲು ಬಾರದ್ದು. ಆದರೂ ಮಳೆಗಿಟ್ಟರೆ ಒಂದು ದಿನ ಮೆತ್ತಗಾಗುತ್ತದೆ, ಹುಳ ತಿನ್ನುತ್ತದೆ, ಮಣ್ಣು ತನ್ನದನ್ನು ತಾನು ತೆಗೆದುಕೊಳ್ಳುತ್ತದೆ. ಅದೂ ಒಂದು ನಿಧಾನದ ಜೀರುಗುಣಿಕೆಯೇ. ತುದಿ ಮಾತ್ರ ನಮ್ಮ ಕೈಯಲ್ಲಿಲ್ಲ, ಕಾಲದ ಕೈಯಲ್ಲಿದೆ.

ನಮ್ಮ ಕಾಲದವರೇ ಆದ ಒಬ್ಬ ಕನ್ನಡತಿಯ ಕೆಲಸವೂ ನೆನಪಿಗೆ ಬರುತ್ತದೆ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ ಚಿತ್ರಕಲೆ ಕಲಿತವರು. ತೊಂಬತ್ತರ ದಶಕದಲ್ಲಿ ಅವರು ಬಣ್ಣ ಕುಂಚ ಬದಿಗಿಟ್ಟು ಸೆಗಣಿ ಹಿಡಿದರು. ಆಮೇಲೆ ಕುಂಕುಮ, ದಾರ, ಡಾಂಬರಿನ ಡಬ್ಬಿಯ ತಗಡು. 2009ರಲ್ಲಿ ವೆನಿಸ್ ಬಿಯೆನಾಲೆಯಲ್ಲಿ ತೋರಿಸಿದ 'ಬಿಹೋಲ್ಡ್' ಎಂಬ ಕೃತಿಯಲ್ಲಿ ಇರುವುದು ಎರಡೇ ವಸ್ತು: ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು ನಾಲ್ಕು ಕಿಲೋಮೀಟರ್ ಹಗ್ಗ ಮತ್ತು ಇಪ್ಪತ್ತು ಉಕ್ಕಿನ ಕಾರ್ ಬಂಪರುಗಳು. ಈಗ ಅದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ನಾನು ನೋಡಿದ್ದು ಚಿತ್ರದಲ್ಲಷ್ಟೇ. ಗೋಡೆಯ ಮೇಲೆ ಕಪ್ಪು ಹಗ್ಗ ಸಿಂಬಿಯಾಗಿ, ಜಡೆಯಾಗಿ, ಗೋಜಲಾಗಿ ಇಳಿದಿದೆ. ಅದರ ನಡುವೆ ಬಂಪರುಗಳು ಸಿಕ್ಕಿಕೊಂಡಂತೆ ತೂಗುತ್ತಿವೆ.

ಹೊರಗಿನವರಿಗೆ ಇದು ವಿಚಿತ್ರವೆನಿಸಬಹುದು. ನಮಗೇನೂ ಹೊಸದಲ್ಲ. ಹರಕೆ ತೀರಿಸಿ ಕೊಟ್ಟ ಮುಡಿಯಲ್ಲಿ ಉದ್ದದ್ದು ವಿಗ್ ಮಾಡುವವರಿಗೆ ಹೋಗುತ್ತದೆ, ಗಿಡ್ಡದ್ದು ಹಗ್ಗವಾಗುತ್ತದೆ. ದೃಷ್ಟಿ ತಾಕದಿರಲೆಂದು ಚಾಲಕರು ಅದನ್ನು ಕೊಂಡು ಗಾಡಿಯ ಬಂಪರಿಗೆ ಸುತ್ತುತ್ತಾರೆ. ಕಬ್ಬು ನುರಿಸುವ ಹಂಗಾಮಿನಲ್ಲಿ ನಮ್ಮ ರಸ್ತೆಗಳ ಮೇಲೆ ಹೋಗುವ ಟ್ರ್ಯಾಕ್ಟರುಗಳ ಮೂತಿ ನೋಡಿ, ಎಷ್ಟರ ಕೊರಳಲ್ಲಿ ಕರಿಯ ಗೊಂಡೆ ತೂಗುತ್ತದೆ. ಕಾರ್ಖಾನೆಯ ಉಕ್ಕನ್ನು ಕಾಯಲು ಯಾರೋ ದೇವರಿಗೆ ಕೊಟ್ಟ ಕೂದಲು. ಶೀಲಾ ಗೌಡರು ಈ ನಂಬಿಕೆಯನ್ನು ಹೊಗಳಲೂ ಇಲ್ಲ, ನಗಲೂ ಇಲ್ಲ. ಕೂದಲ ಎಳೆ ಉಕ್ಕನ್ನು ಎತ್ತಿ ಹಿಡಿಯುವುದನ್ನು ತೋರಿಸಿದರು, ಅಷ್ಟೆ. ಇನ್ನೂ ಒಂದು ಸಂಗತಿ ನನ್ನನ್ನು ಸೆಳೆಯುತ್ತದೆ. ಅಷ್ಟು ಭಾರದ ಕೃತಿಯನ್ನು ಒಂದೂರಿನಲ್ಲಿ ಇಳಿಸಿ ಇನ್ನೊಂದೂರಿನಲ್ಲಿ ಮತ್ತೆ ಏರಿಸಬಹುದು. ಕೂದಲು ಕೂದಲಾಗಿಯೇ, ಬಂಪರು ಬಂಪರಾಗಿಯೇ ಉಳಿದಿದೆ. ಕೂಡಿದ್ದಕ್ಕೆ ಯಾವುದೂ ತನ್ನತನ ಕಳೆದುಕೊಂಡಿಲ್ಲ.

ಕೂಡಿದ್ದಕ್ಕೆ ತನ್ನತನ ಕಳೆದುಕೊಂಡವುಗಳೂ ಇವೆ. ನಮ್ಮೂರಿಗೆ ಮೋಡಕಾದವನು ತಕ್ಕಡಿ ಹಿಡಿದು ಬರುತ್ತಾನೆ. ಕಬ್ಬಿಣ, ತಗಡು, ಬಾಟಲಿ, ರದ್ದಿ ಕಾಗದ, ಕೂದಲು ಸಹ ಕೊಳ್ಳುತ್ತಾನೆ. ಚಿಪ್ಸಿನ ಪೊಟ್ಟಣ, ಗುಟ್ಕಾದ ಚೀಟು ಮುಟ್ಟುವುದಿಲ್ಲ. ಕಾರಣ ಸರಳ. ಅದರಲ್ಲಿ ಪ್ಲಾಸ್ಟಿಕ್ಕೂ ಇದೆ, ಬೆಳ್ಳಿಯಂತೆ ಹೊಳೆಯುವ ಲೋಹದ ಪದರವೂ ಇದೆ, ಮೇಲೆ ಬಣ್ಣ. ಒಂದಕ್ಕೊಂದು ಎಷ್ಟು ಬಿಗಿಯಾಗಿ ಅಂಟಿವೆಯೆಂದರೆ ಯಾರೂ ಬಿಡಿಸಲಾರರು. ಬಿಡಿಸಲಾಗದ್ದಕ್ಕೆ ತಕ್ಕಡಿಯಲ್ಲಿ ತೂಕವಿಲ್ಲ. ಕಾಕಾ ಬದುವಿನ ಮೇಲೆ ಹರಡಿಕೊಂಡಿದ್ದ ರಾಶಿಯನ್ನು ಒಮ್ಮೆಯೂ 'ಕಸ' ಎನ್ನಲಿಲ್ಲ, 'ಸಾಮಾನು' ಎಂದರು. ಕಸಕ್ಕೂ ಸಾಮಾನಿಗೂ ಇರುವ ಅಂತರ ಹಳೆಯದು ಹೊಸದು ಎಂಬುದರಲ್ಲಿಲ್ಲ. ಮತ್ತೆ ಬಿಚ್ಚಿ ಇನ್ನೊಂದಕ್ಕೆ ಕಟ್ಟಲು ಬಂದರೆ ಸಾಮಾನು, ಬಾರದಿದ್ದರೆ ಕಸ.

ಬಿಚ್ಚಲು ಬಾರದ ದೊಡ್ಡ ಮೂರ್ತಿಯೊಂದನ್ನು ನಾನು ಕಣ್ಣಾರೆ ನೋಡಿದ್ದೇನೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ತಗ್ಗಿನ ಓಣಿಗಳಿಗೆ ನುಗ್ಗಿತು, ಲೋಳಸೂರ ಸೇತುವೆ ನೀರಿನಡಿ ಹೋಯಿತು. ನೆರೆ ಇಳಿದ ಮೇಲೆ ಹೊಳೆದಂಡೆಗೆ ಹೋದಾಗ ಒಂದು ಜಾಲಿ ಮರ ಕಂಡಿತು. ಎರಡಾಳೆತ್ತರದಲ್ಲಿ ಕೊಂಬೆಗಳ ನಡುವೆ ಏನೇನು ಸಿಕ್ಕಿಕೊಂಡಿರಲಿಲ್ಲ! ಕಬ್ಬಿನ ಗಳ, ಬೇರುಸಹಿತ ಕಿತ್ತ ಗಿಡ, ನೀಲಿ ಪೈಪು, ಗೊಬ್ಬರದ ಚೀಲ, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ, ಯಾರದೋ ಇಳಕಲ್ ಸೀರೆಯ ಟೋಪ ಸೆರಗು. ಎಲ್ಲಕ್ಕೂ ಮಣ್ಣಿನ ಒಂದೇ ಬಣ್ಣ ಬಳಿದು, ಎಲ್ಲವನ್ನೂ ಹಗ್ಗದಂತೆ ಹೊಸೆದು ಹೊಳೆ ಹೋಗಿತ್ತು. ಒಂದು ಗಳಿಗೆ, ನಾಚಿಕೆಯಿಂದ ಹೇಳುತ್ತೇನೆ, ಅದು ನನಗೆ ಚಂದ ಕಂಡಿತು. ಯಾವ ಕಲಾವಿದನೂ ಹೀಗೆ ಹೆಣೆಯಲಾರ ಎನಿಸಿತು. ಅಷ್ಟರಲ್ಲಿ ಒಬ್ಬಾಕೆ ಬಂದು ಸೆರಗು ಹಿಡಿದು ಜಗ್ಗಿದಳು. ಬರಲಿಲ್ಲ. ಮತ್ತೆ ಜಗ್ಗಿದಳು. ಕೊನೆಗೆ ಮಗ ಕುಡಗೋಲು ತಂದ. ಕತ್ತರಿಸಿದ ಸೀರೆ ಸೀರೆಯಾಗಿ ಕೆಳಗೆ ಬರಲಿಲ್ಲ.

ಹೊಳೆಯೂ ಕಟ್ಟುತ್ತದೆ, ಕೈಯೂ ಕಟ್ಟುತ್ತದೆ. ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ಸೇರಿಸುವುದು ಎರಡಕ್ಕೂ ಗೊತ್ತು. ಬೆರಗು ಎರಡರಲ್ಲೂ ಇದೆ. ಆದರೆ ಹೊಳೆಗೆ ನಾಳೆ ಇಲ್ಲ. ಕಟ್ಟಿದ್ದನ್ನು ನಾಳೆ ಒಬ್ಬರು ಬಿಚ್ಚಬೇಕಾದೀತು, ಆ ಒಬ್ಬರ ಬೆರಳಿಗೆ ನೋವಾಗಬಾರದು ಎಂಬ ನೆನಪು ಕೈಗೆ ಮಾತ್ರ ಇರಲು ಸಾಧ್ಯ.

ಗಂಟಿನ ಬಗ್ಗೆ ಕನ್ನಡದಲ್ಲಿ ಮಾತು ಬಹಳ. ಮದುವೆಯಾದರೆ ಬ್ರಹ್ಮಗಂಟು, ಸಿಟ್ಟಾದರೆ ಗಂಟುಮೋರೆ, ಊರು ಬಿಟ್ಟರೆ ಗಂಟುಮೂಟೆ, ತಿಳಿಯದಿದ್ದರೆ ಕಗ್ಗಂಟು. ಪ್ರೀತಿಯೆಂದರೆ ಬಿಗಿಯುವುದು ಎಂದೇ ನಾವು ಬಹಳ ಮಂದಿ ತಿಳಿದಿದ್ದೇವೆ. ಮಕ್ಕಳನ್ನು ಬಿಗಿಯುತ್ತೇವೆ, ಮಾತನ್ನು ಬಿಗಿಯುತ್ತೇವೆ, ಅಣ್ಣತಮ್ಮಂದಿರ ನಡುವಿನ ಹೊಲದ ಬದುವನ್ನು ಬಿಗಿಯುತ್ತೇವೆ. ಬಿಗಿದದ್ದು ತೊಡರಿಕೊಂಡ ದಿನ ಕುಡಗೋಲು ಹುಡುಕುತ್ತೇವೆ. ಕಾಕಾನ ಮಗ ಪುಣೆಗೆ ಹೋಗುತ್ತೇನೆಂದ ದಿನ ಊರಿನ ಕಟ್ಟೆಯ ಮೇಲೆ ಕೂತವರು ಹತ್ತು ಮಾತಾಡಿದರು. ಎರಡೆಕರೆ ಎರೆ, ಒಬ್ಬನೇ ಮಗ, ಯಾಕೆ ಬಿಟ್ಟೆ ಎಂದರು. ಕಾಕಾ ಅಂದು ಏನೂ ಹೇಳಲಿಲ್ಲ, ಬಸ್ಸಿನವರೆಗೆ ಚೀಲ ಹೊತ್ತು ಹೋಗಿ ಬಂದರು. ಮಗ ಪ್ರತಿವರ್ಷ ಎಳ್ಳಮಾವಾಸ್ಯೆಗೆ ತಪ್ಪದೆ ಬರುತ್ತಾನೆ, ಹೊಲಕ್ಕೆ ಚರಗ ಚೆಲ್ಲುತ್ತಾನೆ. ಈ ಸಲ ಬಂದವನು ಒಡೆದ ಹೆಲ್ಮೆಟ್ಟನ್ನೂ ಹುಡುಗನ ಅಂಗಿಯನ್ನೂ ಬಿಟ್ಟು ಹೋಗಿದ್ದ. ಅವೀಗ ಜೋಳ ಕಾಯಲು ನಿಲ್ಲಲಿದ್ದವು.

ಚಹ ಆರಿಹೋಗಿತ್ತು. ಮತ್ತೆ ಹೊಲದ ಕಡೆ ಹೋದೆ.

ಗೊಂಬೆ ಎದ್ದು ನಿಂತಿತ್ತು. ಅಂಗಿಯ ತೋಳು ಗಾಳಿಗೆ ಉಬ್ಬುತ್ತಿತ್ತು. ಹೆಲ್ಮೆಟ್ಟಿನ ಮೇಲೆ ಮೊದಲ ಬಿಸಿಲು ಬಿದ್ದು ಹೊಳೆಯುತ್ತಿತ್ತು. ದೂರದಿಂದ ಒಬ್ಬ ಮನುಷ್ಯ ಮೋಟರ್ ಸೈಕಲ್ ಎಲ್ಲೋ ನಿಲ್ಲಿಸಿ ಹೊಲ ನೋಡಲು ಬಂದಂತೆಯೇ ಇತ್ತು.

"ಛಲೋ ಆಗೇತ್ರಿ ಕಾಕಾ."

"ಆಗೇತೋ ಇಲ್ಲೋ ನೋಡೋಣು. ಹಿಡಿ ಇದನ್ನ." ಹುರಿಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. "ಎಳಿ."

ಎಳೆದೆ. ಸರ್ರೆಂದಿತು. ತಲೆ ಒಂದು ಕಡೆ, ತೋಳು ಒಂದು ಕಡೆ, ಎದೆಯ ಚೀಲ ಕಾಲ ಬಳಿ ಬಂದು ಕೂತಿತು. ಅರ್ಧ ತಾಸಿನ ಕೆಲಸ ಒಂದು ಉಸಿರಿನಲ್ಲಿ ಮತ್ತೆ ಸಾಮಾನಾಯಿತು. ಕಾಕಾ ಖುಷಿಯಿಂದ ತಲೆಯಾಡಿಸಿದರು. ಗೊಂಬೆ ನಿಂತಾಗ ಆ ಮುಖದಲ್ಲಿ ಇಷ್ಟು ಸಮಾಧಾನ ಕಂಡಿರಲಿಲ್ಲ.

"ಈಗ ನೀ ಕಟ್ಟು."

ಕಟ್ಟಿದೆ. ಗೂಟಕ್ಕೆ ರಿಮ್ಮು ನಿಂತಿತು. ರಿಮ್ಮಿಗೆ ಪೈಪು ಕಟ್ಟುವಾಗ ಹುರಿ ಕೆಳಗಿಂದ ತರಬೇಕೋ ಮೇಲಿಂದ ತರಬೇಕೋ ಮರೆತುಹೋಗಿತ್ತು. ಬೆರಳಿಗೆ ತೋಚಿದಂತೆ ಸುತ್ತಿ ಬಲವಾಗಿ ಬಿಗಿದೆ. ಕಾಕಾ ತುದಿ ಹಿಡಿದು ಎಳೆದರು. ಬಿಚ್ಚಲಿಲ್ಲ. ಇನ್ನೊಮ್ಮೆ ಎಳೆದರು. ಗಂಟು ಇನ್ನಷ್ಟು ಬಿಗಿಯಿತು.

ನಾನು ಕುಡಗೋಲಿನ ಕಡೆ ಕೈ ಚಾಚಿದೆ. ಅವರು ಬೇಡವೆಂದು ಕಣ್ಣಲ್ಲೇ ಹೇಳಿದರು. ಬದುವಿನ ಮೇಲೆ ಕುಳಿತು, ಗಂಟನ್ನು ಬಾಯಿಗೆ ತಂದುಕೊಂಡು, ಉಳಿದಿದ್ದ ನಾಲ್ಕು ಹಲ್ಲುಗಳಲ್ಲಿ ಒಂದೊಂದೇ ಸುತ್ತನ್ನು ಸಡಿಲಿಸತೊಡಗಿದರು. ಅವಸರವಿರಲಿಲ್ಲ. ಜೋಳದ ಮೇಲೆ ಗಿಳಿಗಳು ಇಳಿದವು, ಎದ್ದವು, ಮತ್ತೆ ಇಳಿದವು. ನಾನು ಹುರಿಯ ಇನ್ನೊಂದು ತುದಿ ಹಿಡಿದು, ಎಳೆಯದೆ, ಪಕ್ಕದಲ್ಲಿ ಕುಳಿತೆ.